ಮಸಾಯಿ ಮಾರಾ: ಟೆಂಟ್ ಕ್ಯಾಂಪೋ, ಲಾಡ್ಜೋ? ಅಮ್ಮ ಮತ್ತು ಮಗಳನ್ನ ಕರ್ಕೊಂಡು ಹೋಗ್ತಿದೀವಿ

ಸುಮಾ_ಜಯನಗರ:
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಕೀನ್ಯಾದ ಮಸಾಯಿ ಮಾರಾ ಕಾಡಿಗೆ ಪ್ರಾಣಿ ನೋಡೋಕೆ ಹೋಗೋಣ ಅಂತಿದೀವಿ. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗಳು, ಅರವತ್ತೆಂಟರ ಅಮ್ಮ. ಏಜೆಂಟ್ ಎರಡು ಪ್ಲಾನ್ ಕಳಿಸಿದಾರೆ. ಒಂದು ಕಲ್ಲು-ಸಿಮೆಂಟಿನ ಲಾಡ್ಜ್, ಸುತ್ತ ಕರೆಂಟ್ ಬೇಲಿ, ಈಜುಕೊಳ. ಇನ್ನೊಂದು ನದಿ ದಂಡೆ ಮೇಲಿನ ಟೆಂಟ್ ಕ್ಯಾಂಪ್. ಅದರಲ್ಲಿ "ಬೇಲಿ ಇಲ್ಲ" ಅನ್ನೋದನ್ನೇ ದೊಡ್ಡ ಅಕ್ಷರದಲ್ಲಿ ಹಾಕ್ಕೊಂಡಿದಾರೆ! ಮಗಳು ಟೆಂಟೇ ಬೇಕು ಅಂತ ಹಟ. ಅಮ್ಮ "ಬಟ್ಟೆ ಗೋಡೆ ಆಚೆ ಸಿಂಹ ಓಡಾಡ್ತಿದ್ರೆ ನಂಗೆ ನಿದ್ದೆ ಬರುತ್ತೇನೇ" ಅಂತಾರೆ. ಅವರಿಗೆ ಮಂಡಿ ನೋವು, ಶುಗರ್‌ಗೆ ಇನ್ಸುಲಿನ್, ರಾತ್ರಿ ಬಾತ್‌ರೂಮ್‌ಗೆ ಏಳಲೇಬೇಕು. ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ. ಹೋಗಿ ಬಂದವರು ದಯವಿಟ್ಟು ಹೇಳಿ.

ಕ್ಯಾಮರಾ_ಕಿಟ್ಟಿ:
ಟೆಂಟ್. ಯೋಚನೇನೇ ಮಾಡ್ಬೇಡಿ. ಲಾಡ್ಜ್‌ನಲ್ಲಿ ಮಲಗೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಸಿಂಹದ ಗರ್ಜನೆ ರಾತ್ರಿ ಗಾಳಿ ಇಲ್ಲದಾಗ ಏಳೆಂಟು ಕಿಲೋಮೀಟರ್ ದೂರಕ್ಕೂ ಕೇಳುತ್ತೆ. ಅದನ್ನ ಕ್ಯಾನ್ವಾಸ್ ಒಳಗೆ ಹಾಸಿಗೆ ಮೇಲೆ ಮಲಗಿ ಕೇಳ್ಬೇಕು. ಹತ್ತಿರ ಇದ್ರೆ ಎದೆಗೂಡೇ ನಡುಗುತ್ತೆ.

ಕೆಗುಡಿ_ಖಾಯಂ:
ಕಿಟ್ಟಿಯವರೇ, ಎದೆಗೂಡು ನಡುಗೋದು ನಿಮ್ಮ ವಯಸ್ಸಿಗೆ ಸರಿ, ಅರವತ್ತೆಂಟಕ್ಕಲ್ಲ. ನಾನು ನಮ್ಮ ಜಂಗಲ್ ಲಾಡ್ಜಸ್‌ನವರ ಕೆ.ಗುಡಿ ಟೆಂಟುಗಳಲ್ಲಿ ಬಹಳ ಸಲ ಉಳಿದವನು. ಬಿಳಿಗಿರಿಯ ಚಳಿ, ಆನೆ ಕೊಂಬೆ ಮುರಿಯೋ ಸದ್ದು, ಎಲ್ಲ ಅಲ್ಲೇ ಸಿಗುತ್ತೆ, ಸಾವಿರಾರು ಡಾಲರ್ ಸುರಿಯದೇ. ಆಫ್ರಿಕಾಗೆ ಹೋಗೋದಾದ್ರೆ ಹಗಲು ಪ್ರಾಣಿ ನೋಡೋಕೆ ಹೋಗಿ, ರಾತ್ರಿ ಗೋಡೆ ಇರೋ ಕಡೆ ಮಲಗಿ. ಈ ಟೆಂಟ್ ಅನ್ನೋದು ಹೆಚ್ಚು ದುಡ್ಡಿಗೆ ಕಡಿಮೆ ಗೋಡೆ ಮಾರೋ ವ್ಯಾಪಾರ ಅಂತ ನನ್ನ ಅಭಿಪ್ರಾಯ.

ನೈರೋಬಿ_ನಿವಾಸಿ:
"ಹೆಚ್ಚು ದುಡ್ಡಿಗೆ ಕಡಿಮೆ ಗೋಡೆ" ಚೆನ್ನಾಗಿದೆ ಸರ್ 😄 ಸುಳ್ಳೂ ಅಲ್ಲ. ಆದರೆ ಸುಮಾ ಅವರ ಪ್ರಶ್ನೆ ಇರೋದೇ ಬೇರೆ ಕಡೆ ಅನ್ಸುತ್ತೆ. ನಾನು ಇಲ್ಲೇ ಕೆಲಸ ಮಾಡೋದು, ಊರಿಂದ ಬರೋ ನೆಂಟರನ್ನೆಲ್ಲ ಮಾರಾಗೆ ಕರ್ಕೊಂಡು ಹೋಗೋದು ನನ್ನ ಪಾಲಿನ ಕರ್ತವ್ಯ ಆಗ್ಬಿಟ್ಟಿದೆ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಮ್ಮನಿಗೆ ಹೇಳಿ, ಇದು ಬಗ್ಗಿ ನುಗ್ಗೋ ಟ್ರೆಕ್ಕಿಂಗ್ ಟೆಂಟ್ ಅಲ್ಲ. ಮರದ ಅಟ್ಟಣೆ ಅಥವಾ ಸಿಮೆಂಟ್ ಜಗಲಿ ಮೇಲೆ ಕಟ್ಟಿದ, ಎದ್ದು ನಿಂತು ಕೈ ಎತ್ತಿದ್ರೂ ತಾಗದ ದಪ್ಪ ಕ್ಯಾನ್ವಾಸ್ ಕೋಣೆ. ಮಂಚ, ಸೊಳ್ಳೆಪರದೆ, ಜಾಲರಿ ಕಿಟಕಿ. ಹಿಂದಿನ ಪರದೆ ಸರಿಸಿದ್ರೆ ಕಮೋಡ್ ಇರೋ ಬಾತ್‌ರೂಮ್, ಟೆಂಟಿನ ಒಳಗೇ. ರಾತ್ರಿ ಆಚೆ ಕಾಲಿಡೋ ಪ್ರಸಂಗವೇ ಇಲ್ಲ. ಚಳಿಗೆ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರ್ತಾರೆ. (ಇದನ್ನ ಮೊದಲೇ ಹೇಳಿಡಿ. ಗೊತ್ತಿಲ್ಲದೆ ಕಾಲು ತಾಗಿಸಿ "ಒಳಗೇನೋ ಪ್ರಾಣಿ ಇದೆ" ಅಂತ ನಮ್ಮ ಚಿಕ್ಕಮ್ಮ ಕಿರುಚಿದ್ದು ಇಡೀ ಕ್ಯಾಂಪಿಗೆ ಕೇಳಿತ್ತು.)

ಸ್ನಾನಕ್ಕೆ ಹಲವು ಕಡೆ ಈಗಲೂ ಬಕೆಟ್ ಶವರ್. ನೀವು ಹೇಳಿದ ಹೊತ್ತಿಗೆ ಹುಡುಗ ಬಂದು ಟೆಂಟಿನ ಹಿಂದೆ ಎತ್ತರದಲ್ಲಿ ತೂಗಿರೋ ಚೀಲಕ್ಕೆ ಬಿಸಿನೀರು ತುಂಬ್ತಾನೆ. ಒಳಗೆ ಸರಪಳಿ ಎಳೆದ್ರೆ ನೀರು. ಒಂದು ಸಲ ಮೈ ನೆನೆಸಿ, ನಿಲ್ಲಿಸಿ, ಸೋಪು ಹಚ್ಕೊಂಡು, ಮತ್ತೆ ಬಿಡಬೇಕು. ಬಕೆಟ್-ಚೊಂಬಲ್ಲಿ ಬೆಳೆದ ನಮಗೆ ಇದು ಕಷ್ಟವೇ ಅಲ್ಲ, ಕಷ್ಟ ಯೂರೋಪಿನವರಿಗೆ. ಅಮ್ಮನಿಗೆ ನಿಂತು ಸ್ನಾನ ಆಗಲ್ಲ ಅಂದ್ರೆ ಒಂದು ಬಕೆಟ್, ಮಗ್, ಸ್ಟೂಲ್ ಕೇಳಿ, ಕೊಡ್ತಾರೆ.

ಈಗ ಸಿಂಹ. ಜಿಪ್ ಪೂರ್ತಿ ಹಾಕಿದ ಟೆಂಟನ್ನ ಅದು ಹರಿದು ನುಗ್ಗಬಹುದಾದ ಬಟ್ಟೆ ಅಂತ ನೋಡಲ್ಲ, ಅಲ್ಲೊಂದು ದೊಡ್ಡ ಗಟ್ಟಿ ವಸ್ತು ಇದೆ ಅಂತ ಬಳಸ್ಕೊಂಡು ಹೋಗುತ್ತೆ. ನಿಜವಾಗಿ ಹುಷಾರಾಗಿರಬೇಕಾದ್ದು ನೀರಾನೆ, ಕಾಡೆಮ್ಮೆ, ಆನೆ, ಅದೂ ಟೆಂಟಿಂದ ಊಟದ ಜಾಗಕ್ಕೆ ಹೋಗೋ ಕತ್ತಲ ದಾರಿಯಲ್ಲಿ. ನೀರಾನೆ ಹಗಲೆಲ್ಲ ನದೀಲಿದ್ದು ರಾತ್ರಿ ಹುಲ್ಲು ಮೇಯೋಕೆ ದಂಡೆ ಹತ್ತುತ್ತೆ. ನದಿ ದಂಡೆಯ ಕ್ಯಾಂಪ್ ಅಂದ್ರೆ ಅದು ನಿಮ್ಮ ಜಗಲಿ ಮುಂದೇ ಮೇಯುತ್ತೆ. ಅದಕ್ಕೇ ಕತ್ತಲಾದ ಮೇಲೆ ಒಬ್ಬರೇ ಓಡಾಡೋ ಹಾಗಿಲ್ಲ. ಟಾರ್ಚ್ ಬೀಸಿದ್ರೆ ಅಥವಾ ವಾಕಿಟಾಕಿಯಲ್ಲಿ ಕರೆದ್ರೆ ಅಸ್ಕರಿ, ಅಂದ್ರೆ ಕಾವಲುಗಾರ, ಬಂದು ಕರ್ಕೊಂಡು ಹೋಗ್ತಾನೆ. ಬಹುತೇಕ ಅದೇ ಸುತ್ತಿನ ಮಸಾಯಿ ಬುಡಕಟ್ಟಿನವರು, ಅವರ ಕಣ್ಣಿಗೆ ಕಂಡಷ್ಟು ನಮ್ಮ ಟಾರ್ಚಿಗೆ ಕಾಣಲ್ಲ. ನಿಮ್ಮ ಮನೇಲಿ ಆತಂಕ ಪಡಬೇಕಾದ್ದು ಅಮ್ಮನ ಬಗ್ಗೆ ಅಲ್ಲ, ಮಗಳ ಬಗ್ಗೆ. ಓಡೋ ಮಕ್ಕಳು ಬೇಲಿ ಇಲ್ಲದ ಕ್ಯಾಂಪಿಗೆ ಆಗಲ್ಲ. ಇಂಥ ವಯಸ್ಸಿಗಿಂತ ಚಿಕ್ಕ ಮಕ್ಕಳನ್ನ ಸೇರಿಸಲ್ಲ ಅಂತ ನಿಯಮ ಇರೋ ಕ್ಯಾಂಪುಗಳೇ ಇವೆ. ಮೊದಲು ಅದನ್ನ ಕೇಳಿ.

ಅದಕ್ಕಿಂತ ಮುಖ್ಯ ಮಾತು: ಕ್ಯಾನ್ವಾಸೋ ಕಲ್ಲೋ ಅನ್ನೋದು ಎರಡನೇ ಪ್ರಶ್ನೆ. ಕ್ಯಾಂಪ್ ಎಲ್ಲಿದೆ? ರಿಸರ್ವ್ ಒಳಗಾ, ಗೇಟಿನ ಆಚೆಯಾ, ಪಕ್ಕದ ಕನ್ಸರ್ವೆನ್ಸಿಯಲ್ಲಾ? ನಿಮ್ಮ ಏಜೆಂಟ್ ಅದನ್ನ ಹೇಳಿದಾರಾ?

ಸುಮಾ_ಜಯನಗರ:
ಇಷ್ಟು ವಿವರ! ತುಂಬಾ ಥ್ಯಾಂಕ್ಸ್. ಎರಡಕ್ಕೂ "ಮಸಾಯಿ ಮಾರಾ" ಅಂತಷ್ಟೇ ಬರೆದಿದಾರೆ. ಕನ್ಸರ್ವೆನ್ಸಿ ಅಂದ್ರೇನು?

ನೈರೋಬಿ_ನಿವಾಸಿ:
ಸರ್ಕಾರಿ ರಿಸರ್ವ್ ಸುಮಾರು 1,500 ಚದರ ಕಿಲೋಮೀಟರ್, ನೋಡಿಕೊಳ್ಳೋದು ನಾರೋಕ್ ಕೌಂಟಿ, ಅಂದ್ರೆ ಅಲ್ಲಿನ ಜಿಲ್ಲಾಡಳಿತ. ಅದರ ಉತ್ತರಕ್ಕೆ, ಪೂರ್ವಕ್ಕೆ ಮಸಾಯಿ ಕುಟುಂಬಗಳ ಸ್ವಂತ ಜಮೀನಿದೆ. ಅಕ್ಕಪಕ್ಕದವರು ಜಮೀನು ಒಟ್ಟು ಮಾಡಿ ಕ್ಯಾಂಪಿನವರಿಗೆ ಗುತ್ತಿಗೆ ಕೊಡ್ತಾರೆ, ತಿಂಗಳು ತಿಂಗಳು ಬಾಡಿಗೆ ಬರುತ್ತೆ. ಅದೇ ಕನ್ಸರ್ವೆನ್ಸಿ: ಮಾರಾ ನಾರ್ತ್, ನಬೋಯಿಶೊ, ಒಲಾರೆ ಮೊತೊರೊಗಿ ಹೀಗೆ. ಅಲ್ಲಿ ಟೆಂಟುಗಳ ಸಂಖ್ಯೆಗೆ ಮಿತಿ ಇದೆ. ರಾತ್ರಿ ಸಫಾರಿಗೆ, ಕಾಡೊಳಗೆ ನಡೆಯೋಕೆ, ದಾರಿ ಬಿಟ್ಟು ಗಾಡಿ ಓಡಿಸೋಕೆ ಅವಕಾಶ ಇದೆ. ರಿಸರ್ವ್‌ನಲ್ಲಿ ಇವು ಯಾವುದೂ ಇಲ್ಲ. ಆದರೆ ನೀವು ಆಗಸ್ಟ್‌ನಲ್ಲಿ ಬರೋದು ಕಾಡುಕೋಣದ ಹಾಗಿರೋ ಆ ವಿಲ್ಡಬೀಸ್ಟ್ ಹಿಂಡು ಮಾರಾ ನದಿ ದಾಟೋದನ್ನ ನೋಡೋಕೆ ತಾನೆ? ಅದಿರೋದು ರಿಸರ್ವ್ ಒಳಗೆ.

ಲೆಕ್ಕ ಇಲ್ಲಿ ಬರುತ್ತೆ. 2024ರಿಂದ ರಿಸರ್ವ್ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಮಕ್ಕಳಿಗೆ ಕಡಿಮೆ. ಟಿಕೆಟ್ ಹನ್ನೆರಡು ಗಂಟೆಯದ್ದು, ಬೆಳಗ್ಗೆ ಆರರಿಂದ ಸಂಜೆ ಆರು. "ಅಗ್ಗದ ಟೆಂಟ್ ಕ್ಯಾಂಪ್" ಅಂತ ಸಿಗೋದೆಲ್ಲ ಸೆಕೆನಾನಿ, ತಾಲೆಕ್ ಗೇಟುಗಳ ಆಚೆ ಒತ್ತೊತ್ತಾಗಿ ಇವೆ. ಕೆಟ್ಟದ್ದು ಅಂತಲ್ಲ, ನಾನೂ ಉಳಿದಿದೀನಿ, ಬೇಲಿ ಇರುತ್ತೆ, ಮಕ್ಕಳಿಗೆ ಆರಾಮ. ಆದರೆ ರಾತ್ರಿ ನಿಮಗೆ ಕೇಳೋದು ಸಿಂಹದ ಬದಲು ಪಕ್ಕದ ಊರಿನ ನಾಯಿ ಮತ್ತು ಜನರೇಟರ್. ಜೊತೆಗೆ ನದಿ ದಾಟೋ ಜಾಗ ಅಲ್ಲಿಂದ ದೂರ. ದಿನಾ ಗಂಟೆಗಟ್ಟಲೆ ಕುಲುಕಾಟದಲ್ಲಿ ಹೋಗಿ ಬರಬೇಕು. ಅಮ್ಮನ ಮಂಡಿಗೆ ಟೆಂಟಿಗಿಂತ ಈ ದಾರಿನೇ ದೊಡ್ಡ ಶತ್ರು.

ಕುಂದಾಪ್ರ_ಹುಡ್ಗ:
ವೈಫೈ ಉಂಟಾ ಅಲ್ಲಿ?

ಕ್ಯಾಮರಾ_ಕಿಟ್ಟಿ:
ಇದೆ, ಊಟದ ಟೆಂಟಲ್ಲಿ, ಆಮೆ ವೇಗದಲ್ಲಿ. ಸುಮಾ ಅವರೇ, ಕರೆಂಟ್ ಬಗ್ಗೆ ಒಂದು ಮಾತು. ಬಹಳ ಕ್ಯಾಂಪುಗಳು ಸೋಲಾರ್ ಮೇಲೆ ನಡೆಯೋದು. ಟೆಂಟಲ್ಲಿ ಲೈಟ್ ಬರುತ್ತೆ, ಹೇರ್ ಡ್ರೈಯರ್, ಕೆಟಲ್ ಹಾಕಿದ್ರೆ ಇಡೀ ಸಾಲು ಕತ್ತಲು. ಕ್ಯಾಮರಾ, ಮೊಬೈಲ್ ಚಾರ್ಜ್ ಮಾಡೋದು ಹೆಚ್ಚಾಗಿ ಊಟದ ಟೆಂಟಲ್ಲೋ ಗಾಡಿಯಲ್ಲೋ. ಪ್ಲಗ್ ಬ್ರಿಟಿಷರ ಚೌಕ ಮೂರು ಪಿನ್ನಿನದ್ದು, ನಮ್ಮ ದುಂಡು ಪಿನ್ ಹೋಗಲ್ಲ, ಅಡಾಪ್ಟರ್ ಬೇಕು. ಡ್ರೋನ್ ಮನೇಲೇ ಬಿಟ್ಟು ಹೋಗಿ, ಅನುಮತಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ತಗೋತಾರೆ.

ಧಾರವಾಡ_ಪೇಡೆ:
ನೋಡ್ರಿ ಸುಮಾ ಅಕ್ಕಾರ, ಇವ್ರು ಹೇಳೂದೆಲ್ಲಾ ಶ್ರೀಮಂತರ ಟೆಂಟ್. ನಾವು ಗೆಳ್ಯಾರೆಲ್ಲಾ ಕೂಡಿ ಟಾಂಜಾನಿಯಾ ಕಡೆ ಹೋಗಿದ್ವಿ, ಅಲ್ಲಿ ಸರ್ಕಾರಿ ಕ್ಯಾಂಪ್‌ಸೈಟ್‌ನ್ಯಾಗ ನೆಲದ ಮ್ಯಾಲೆ ಗುಮ್ಮಟದಂಥ ಸಣ್ಣ ಟೆಂಟ್ ಹೊಡದು ಮಲಗೂದು. ಸೆರೆಂಗೆಟಿ ನಡುವ ಸೆರೊನೆರಾದಾಗ ಬೇಲಿ ಗೀಲಿ ಏನಿಲ್ರಿ. ಒಂದ್ ಮಜಾ ಹೇಳ್ತೀನಿ, ಅಲ್ಲಿ ಅಡಗಿಮನಿ, ಊಟದ ಮನಿಗೆ ಕಬ್ಬಿಣದ ಜಾಳಗಿ ಹಾಕ್ಯಾರ. ಪ್ರಾಣಿ ಹೊರಗ, ಮನಷ್ಯಾರು ಪಂಜರದಾಗ! ಬಾತ್‌ರೂಮ್ ಮಾತ್ರ ದೂರ. ರಾತ್ರಿ ಎದ್ರ ಮೊದ್ಲ ಜಿಪ್ ಒಂದೀಟ ತಗದು ಟಾರ್ಚ್ ಸುತ್ತಲೂ ಬಿಡಬೇಕು, ಕಣ್ಣ ಹೊಳದ್ರ ಸುಮ್ನ ಒಳಗ ತಡಕೊಂಡು ಕುಂದ್ರೂದು. ನಿಮ್ಮ ತಾಯಾರಿಗೆ ಇದು ಬ್ಯಾಡ್ರಿ.

ಗೊರೊಂಗೊರೊ ಅನ್ನೂ ಹಳೇ ಜ್ವಾಲಾಮುಖಿ ಕುಣಿ ದಂಡಿ ಮ್ಯಾಲಿನ ಸಿಂಬಾ ಕ್ಯಾಂಪ್‌ಸೈಟ್ 2,200 ಮೀಟರ್‌ಗಿಂತಾ ಎತ್ತರ. ಜೂನ್-ಜುಲೈನ್ಯಾಗ ಹಲ್ಲು ಕಟಕಟ ಅಂತಾವ. ಅಲ್ಲಿ ನೀರಿನ ಟಾಕಿಗೆ ಆನಿ ಬಂದು ಸೊಂಡ್ಲಿ ಇಟ್ಟು ನೀರು ಕುಡದು ಹೋಗ್ತಾವ, ನಾವು ಪಾತ್ರಿ ತೊಳಿಯೂದು ನಿಲ್ಲಿಸಿ ಪಾಳಿ ಹಚ್ಚೂದು. ಟೆಂಟಿನಾಗ ತಿನ್ನೂದು ಏನೂ ಇಡಬ್ಯಾಡ್ರಿ, ಒಂದ್ ಚಾಕಲೇಟ್ ಸುದ್ದಾ. ಬೂಟು ಹೊರಗ ಬಿಡಬ್ಯಾಡ್ರಿ, ಕತ್ತೆಕಿರುಬ ಚರ್ಮದ ಬೂಟು ಕಚ್ಕೊಂಡು ಹೋಗ್ತಾವ.

ಇನ್ನೊಂದು: ಕಪ್ಪು, ನೀಲಿ ಅರಿವಿ ಬ್ಯಾಡ. ತ್ಸೆತ್ಸೆ ಅಂತ ನೊಣ ಇರ್ತಾವು, ಆ ಬಣ್ಣಕ್ಕ ಹುಡಿಕ್ಕೊಂಡ್ ಬರ್ತಾವು. ಅವುನ್ನ ಹಿಡಿಯಾಕಂತನ ಗಿಡಕ್ಕ ನೀಲಿ-ಕಪ್ಪು ಬಟ್ಟಿ ಕಟ್ಟಿರ್ತಾರ. ಜೀನ್ಸ್ ಮ್ಯಾಲಿಂದನೂ ಕಚ್ತಾವ. ತಾರಂಗಿರೆ ಪಾರ್ಕ್ ಕಡೆ ಭಾಳ.

ನೈರೋಬಿ_ನಿವಾಸಿ:
ಪೇಡೆ ಸರ್ ಹೇಳಿದ್ದು ಸರಿ. ಮಾರಾದಲ್ಲಿ ತ್ಸೆತ್ಸೆ ಅಷ್ಟು ಕಾಟ ಇಲ್ಲ. ಮಾರಾದಲ್ಲಿ ಕಾಟ ಕೊಡೋದು ಕೋತಿ. ವರ್ವೆಟ್ ಕೋತಿ ಜಿಪ್ ಎಳೆಯೋದು ಕಲ್ತುಬಿಟ್ಟಿದೆ. ಅದಕ್ಕೇ ಹಲವು ಕ್ಯಾಂಪಲ್ಲಿ ಎರಡು ಜಿಪ್ಪು ಸೇರಿಸಿ ಕೊಕ್ಕೆ ಹಾಕೋಕೆ ಹೇಳ್ತಾರೆ. ಅಮ್ಮ ಚಟ್ನಿಪುಡಿ, ಕೋಡುಬಳೆ, ಪುಳಿಯೋಗರೆ ಗೊಜ್ಜು ತರೋದು ಖಂಡಿತ. ತರ್ಲಿ, ಆದರೆ ಅದರ ಜಾಗ ಅಡುಗೆಮನೆ.

ಊಟದ ಬಗ್ಗೆ ನಿಶ್ಚಿಂತೆಯಿಂದಿರಿ. ಗುಜರಾತಿಗಳು ಇಲ್ಲಿ ನೂರು ವರ್ಷಕ್ಕೂ ಮೇಲಿಂದ ಇದಾರೆ, "ವೆಜ್" ಅಂದ್ರೆ ಏನು ಅಂತ ಕೀನ್ಯಾದ ಅಡುಗೆಯವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಚಪಾತಿ ಇಲ್ಲಿನವರ ಮನೆಯೂಟವೇ, ಮೈದಾದ್ದು, ಪದರ ಪದರ, ಎಣ್ಣೆ ಜಾಸ್ತಿ. ಸುಕುಮಾ ಅನ್ನೋ ಸೊಪ್ಪಿನ ಪಲ್ಯ, ಬೀನ್ಸ್, ಉಗಾಲಿ ಅಂದ್ರೆ ಬಿಳಿ ಮೆಕ್ಕೆಜೋಳದ ಮುದ್ದೆ. ಮೊಟ್ಟೆ ಇಲ್ಲ, ಮೀನಿಲ್ಲ ಅಂತ ಮಾತ್ರ ಬಿಡಿಸಿ ಬರೆಯಿರಿ. ಹಾಂ, ಬೆಳಗ್ಗೆ "ವಿಂಬಿ ಉಜಿ ಇದೆಯಾ" ಅಂತ ಕೇಳಿ, ಅದು ರಾಗಿ ಗಂಜಿ. ರಾಗಿ ಮೂಲತಃ ಈ ಕಡೆಯ ಬೆಟ್ಟಸೀಮೆಯದ್ದೇ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು. ಶುಗರ್ ಇರೋ ಅಮ್ಮನಿಗೆ ಸಕ್ಕರೆ ಹಾಕದೆ ಕೊಡಿ ಅನ್ನಿ, ಇಲ್ಲಾಂದ್ರೆ ಸುರಿದುಬಿಡ್ತಾರೆ.

ಹಳೇ_ನಕ್ಷೆ:
ಚರ್ಚೆಯ ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಈ ಊಟದ ದೊಡ್ಡ ಟೆಂಟು, ಬಕೆಟ್ ಶವರು, ಬೆಂಕಿ ಸುತ್ತ ಕುರ್ಚಿ, ಎಲ್ಲವೂ ಬೇಟೆ ಶಿಬಿರದಿಂದ ಬಂದ ವ್ಯವಸ್ಥೆ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಕೀನ್ಯಾಗೆ ಬಂದಾಗ ಆ ಟೆಂಟುಗಳನ್ನೆಲ್ಲ ನೂರಾರು ಜನ ಕೂಲಿಗಳು ತಲೆ ಮೇಲೆ ಹೊತ್ತಿದ್ದರು. ಕೀನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು. ಟೆಂಟ್ ಉಳೀತು, ಬಂದೂಕಿನ ಜಾಗಕ್ಕೆ ಕ್ಯಾಮರಾ ಬಂತು. "ಹಳೇ ಕಾಲದ ಸೊಗಸು" ಅಂತ ಇವತ್ತು ಮಾರೋದು ಅದನ್ನೇ. ಗಡಿಯಾಚೆ 1959ರಲ್ಲಿ ಸೆರೆಂಗೆಟಿ ಪಾರ್ಕಿನಿಂದ ಮಸಾಯಿಗಳನ್ನ ದನಕರು ಸಮೇತ ಗೊರೊಂಗೊರೊ ಕಡೆಗೆ ಕಳಿಸಿದ್ದನ್ನ ಯಾವ ಕ್ಯಾಂಪಿನ ಜಾಹೀರಾತೂ ಹೇಳಲ್ಲ.

ಕೆಗುಡಿ_ಖಾಯಂ:
ಇದಕ್ಕೇ ನಾನು ಬೇಡ ಅಂದಿದ್ದು.

ನೈರೋಬಿ_ನಿವಾಸಿ:
ಬೇಡ ಅಂತ ದೂರ ಕೂತ್ರೆ ಜಮೀನಿನ ಬಾಡಿಗೆ ಯಾರು ಕೊಡ್ತಾರೆ ಸರ್? ಕೋವಿಡ್ ಕಾಲದಲ್ಲಿ ಕ್ಯಾಂಪು ಮುಚ್ಚಿದಾಗ ಕನ್ಸರ್ವೆನ್ಸಿಯ ಕುಟುಂಬಗಳು ಒದ್ದಾಡಿದ್ದನ್ನ ನೋಡಿದೀನಿ. ಬಾಡಿಗೆ ಸಾಲದು, ಬೇಲಿ ಹಾಕಿ ಜಮೀನು ಮಾರಿಬಿಡೋಣ ಅನ್ನೋರೂ ಅವರಲ್ಲೇ ಇದಾರೆ. ಪೂರ್ತಿ ನ್ಯಾಯವಾದ ವ್ಯವಸ್ಥೆ ಅಂತ ನಾನು ಹೇಳಲ್ಲ. ಆದರೆ ಯಾರ ಜಮೀನಲ್ಲಿ ಮಲಗ್ತಿದೀವಿ, ದುಡ್ಡು ಯಾರಿಗೆ ಹೋಗ್ತಿದೆ ಅಂತ ಕೇಳಿ ಬುಕ್ ಮಾಡೋದು ನಮ್ಮ ಕೈಲಿದೆ.

ಡಾಕ್ಟ್ರು_ಕುವೆಂಪುನಗರ:
ಟೆಂಟೋ ಲಾಡ್ಜೋ ಆಮೇಲೆ ನೋಡಿ. ಸುಮಾ ಅವರೇ, ಅಮ್ಮನ ಟಿಕೆಟ್ ಬುಕ್ ಮಾಡೋ ಮುಂಚೆ ಇದನ್ನ ಓದಿ.

ಕೀನ್ಯಾ ಹಳದಿ ಜ್ವರದ ಪಟ್ಟಿಯಲ್ಲಿರೋ ದೇಶ. ಅಲ್ಲಿಗೆ ಹೋಗಿ ವಾಪಸ್ ಬರೋರು ಲಸಿಕೆಯ ಪ್ರಮಾಣಪತ್ರ ತೋರಿಸದಿದ್ರೆ ಭಾರತದಲ್ಲಿ ಇಳಿದ ಮೇಲೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಪತ್ರಕ್ಕೆ ಬೆಲೆ, ಆಮೇಲೆ ಜೀವನಪೂರ್ತಿ ಸಾಕು. ಕಷ್ಟ ಇರೋದು ವಯಸ್ಸಿನಲ್ಲಿ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡ್ರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಅಪರೂಪವಾದ್ರೂ ಉಳಿದವರಿಗಿಂತ ಹೆಚ್ಚು. ಹಾಗಂತ ಹಾಕಿಸಲೇಬಾರದು ಅಂತಲ್ಲ. ನಿಮ್ಮ ವೈದ್ಯರು ಅವರ ಬೇರೆ ಕಾಯಿಲೆ, ಮಾತ್ರೆ ಎಲ್ಲ ನೋಡಿ ತೀರ್ಮಾನಿಸಬೇಕು. ಸ್ಟೀರಾಯ್ಡ್ ತಗೋತಿದ್ರೆ, ಥೈಮಸ್ (ಎದೆಯೊಳಗಿನ ಗ್ರಂಥಿ) ತೊಂದರೆ ಇದ್ರೆ, ಮೊಟ್ಟೆ ಅಲರ್ಜಿ ಇದ್ರೆ ಹೇಳಲೇಬೇಕು. ವೈದ್ಯಕೀಯ ವಿನಾಯಿತಿ ಪತ್ರ ಇದ್ರೂ ವಾಪಸ್ ಬರುವಾಗ ತಡೆಯೋ ಸಾಧ್ಯತೆ ಇದೆ, ಅದನ್ನೂ ಲಸಿಕೆ ಕೇಂದ್ರದಲ್ಲೇ ಕೇಳ್ಕೊಳ್ಳಿ.

ಮಲೇರಿಯಾ ಮಾತ್ರೆ ಬೇರೆ. ಮಾರಾ 1,500 ಮೀಟರ್ ಎತ್ತರದಲ್ಲಿದೆ, ಅಪಾಯ ಕಡಿಮೆ ಅಂತಾರೆ, ಇಲ್ಲ ಅಂತಲ್ಲ. ಮಗಳ ತೂಕಕ್ಕೆ ತಕ್ಕ ಡೋಸ್ ಮಕ್ಕಳ ಡಾಕ್ಟರ್ ಹತ್ರ ಬರೆಸಿ. ಇನ್ಸುಲಿನ್ ಅನ್ನ ಯಾವ ಕಾರಣಕ್ಕೂ ಚೆಕ್-ಇನ್ ಬ್ಯಾಗಲ್ಲಿ ಹಾಕಬೇಡಿ. ಟೆಂಟಲ್ಲಿ ಫ್ರಿಜ್ ಇರಲ್ಲ, ಕ್ಯಾಂಪಿನ ಅಡುಗೆಮನೇಲಿ ಇರುತ್ತೆ, ಹೆಸರು ಬರೆದು ಕೊಟ್ಟಿಡಿ. ಬಳಸ್ತಿರೋ ಪೆನ್ ಹೊರಗೇ ಇರಬಹುದು, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮಾತ್ರ ಬಿಡಬೇಡಿ. ಬೆಳಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ತಿಂಡಿ ಅನ್ನೋ ಸಫಾರಿ ವೇಳಾಪಟ್ಟಿ ಇನ್ಸುಲಿನ್‌ನವರಿಗೆ ಆಗಿಬರಲ್ಲ, ಗಾಡಿಯಲ್ಲೇ ತಿನ್ನೋಕೆ ಕಟ್ಟಿಸಿಕೊಳ್ಳಿ.

ನೈರೋಬಿ_ನಿವಾಸಿ:
ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ವಿಮೆಯಲ್ಲಿ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸೋ ಖರ್ಚು ಇರಲಿ. ಇಲ್ಲಿ 1957ರಿಂದ ಆಮ್ರೆಫ್ ಅನ್ನೋ ಆರೋಗ್ಯ ಸಂಸ್ಥೆಯ ಫ್ಲೈಯಿಂಗ್ ಡಾಕ್ಟರ್ಸ್ ಸೇವೆ ಇದೆ, ಕಾಡಿನ ಏರ್‌ಸ್ಟ್ರಿಪ್‌ನಿಂದ ನೈರೋಬಿಗೆ ಕರೆತರ್ತಾರೆ. ಕೆಲವು ಕ್ಯಾಂಪಿನವರ ದರದಲ್ಲೇ ಅದು ಸೇರಿರುತ್ತೆ, ಕೇಳಿ.

ಸುಮಾ_ಜಯನಗರ:
ಲಸಿಕೆ ವಿಷಯ ನಮ್ಮ ಏಜೆಂಟ್ ಬಾಯೇ ಬಿಟ್ಟಿರಲಿಲ್ಲ. ಅಮ್ಮನ ಫಿಸಿಶಿಯನ್ ಹತ್ರ ಹೋಗಿದ್ವಿ. ಎಲ್ಲ ರಿಪೋರ್ಟ್ ನೋಡಿ, ಹಾಕಿಸಬಹುದು ಅಂತ ಬರೆದುಕೊಟ್ಟಿದಾರೆ. ಹಾಕಿಸಿ ಆಯ್ತು, ಒಂದು ದಿನ ಮೈಕೈ ನೋವಿತ್ತು ಅಷ್ಟೇ.

ಏಜೆಂಟ್‌ಗೆ ನಿಮ್ಮ ಪ್ರಶ್ನೆಗಳನ್ನೆಲ್ಲ ಕಳಿಸಿದೆ. ಉತ್ತರ ಮಜವಾಗಿದೆ. ಬೇಲಿ ಇರೋ ಆ ಲಾಡ್ಜ್ ಗೇಟಿನಿಂದ ಆಚೆ, ನದಿಗೆ ಬಹಳ ದೂರ. ಟೆಂಟ್ ಕ್ಯಾಂಪ್ ರಿಸರ್ವ್ ಒಳಗೇ ಇದೆ. ಬಾತ್‌ರೂಮ್ ಟೆಂಟೊಳಗೆ. ಎಂಟು ವರ್ಷದ ಮೇಲಿನ ಮಕ್ಕಳಿಗೆ ಓಕೆ. ಎರಡು ಕೋಣೆ ಸೇರಿಸಿದ ಫ್ಯಾಮಿಲಿ ಟೆಂಟ್ ಇದೆಯಂತೆ, ನಾಲ್ವರೂ ಒಂದೇ ಸೂರಿನಡಿ. ಅಮ್ಮನಿಗೆ "ನಾನು ಪರದೆ ಆಚೆನೇ ಇರ್ತೀನಿ" ಅಂದ ಮೇಲೆ ಅರ್ಧ ಒಪ್ಪಿದಾರೆ. ಇನ್ನರ್ಧ ರಾಗಿ ಗಂಜಿಯಿಂದ. ಈಗ ಇರೋ ಪ್ರಶ್ನೆ: ನೈರೋಬಿಯಿಂದ ರಸ್ತೆಯಲ್ಲಿ ಹೋಗೋದಾ, ಸಣ್ಣ ವಿಮಾನದಲ್ಲಾ?

ಧಾರವಾಡ_ಪೇಡೆ:
ವಿಮಾನ ರೀ. ಆ ಕಡೆ ನೆಲ ನಮ್ಮ ನವಲಗುಂದದ್ದ ಎರಿ ಮಣ್ಣು. ಒಂದ್ ಮಳಿ ಆತಂದ್ರ ಗಾಡಿ ಹುಗದ್ ಬಿಡ್ತೈತಿ.

ನೈರೋಬಿ_ನಿವಾಸಿ:
ನಾರೋಕ್ ಮೂಲಕ ಸೆಕೆನಾನಿ ಗೇಟ್‌ವರೆಗೆ ಈಗ ಟಾರ್ ರಸ್ತೆ ಇದೆ, ಐದಾರು ಗಂಟೆ. ಗೇಟಾದ ಮೇಲೆ ಪೇಡೆ ಸರ್ ಹೇಳಿದ ಎರೆಮಣ್ಣು. ವಿಮಾನ ವಿಲ್ಸನ್ ಏರ್‌ಪೋರ್ಟಿಂದ ಮುಕ್ಕಾಲು ಗಂಟೆ, ಆದರೆ ನಾಲ್ವರಿಗೆ ದುಬಾರಿ. ನನ್ನ ಸಲಹೆ: ಹೋಗುವಾಗ ವಿಮಾನ, ಬರುವಾಗ ರಸ್ತೆ. ವಾಪಸ್ ದಾರೀಲಿ ರಿಫ್ಟ್ ಕಣಿವೆಯ ಅಂಚಿನಲ್ಲಿ ನಿಲ್ಲಿಸಿ ಟೀ ಕುಡಿಯಬಹುದು. ವಿಮಾನದಲ್ಲಿ ತಲಾ 15 ಕಿಲೋ ಮಾತ್ರ, ಅದೂ ಮೆತ್ತನೆ ಬ್ಯಾಗ್. ಚಕ್ರದ ಗಟ್ಟಿ ಸೂಟ್‌ಕೇಸ್ ಹತ್ತಿಸಲ್ಲ. ಪ್ಲಾಸ್ಟಿಕ್ ಕೈಚೀಲ ಕೀನ್ಯಾದಲ್ಲಿ 2017ರಿಂದ ನಿಷೇಧ, ಚಪ್ಪಲಿ ಸುತ್ತಿದ ಅಂಗಡಿ ಕವರ್ ಕೂಡ ತೆಗೆದುಬಿಡಿ. ಲ್ಯಾಂಡ್ ಕ್ರೂಸರ್ ಮೆಟ್ಟಿಲು ಎತ್ತರ, ಅಮ್ಮನಿಗೊಂದು ಮಣೆ ಇಡೋಕೆ ಡ್ರೈವರ್‌ಗೆ ಹೇಳಿಸಿ. ಕೊನೇ ಸೀಟಲ್ಲಿ ಕೂರಿಸಬೇಡಿ.

ಸುಮಾ_ಜಯನಗರ:
ಸರಿ ಸರ್, ಹಾಗೇ ಮಾಡ್ತೀವಿ. ಅಮ್ಮ ಕೇಳ್ತಿದಾರೆ, ಅಲ್ಲಿ ಸೀರೆ ಉಡಬಹುದಾ ಅಂತ.

ನೈರೋಬಿ_ನಿವಾಸಿ:
ಕ್ಯಾಂಪಲ್ಲಿ ಧಾರಾಳವಾಗಿ ಉಡ್ಲಿ. ಗಾಡಿ ಹತ್ತೋಕೆ ಚೂಡಿದಾರ್ ವಾಸಿ. ಬೆಳಗ್ಗೆ ತೆರೆದ ಗಾಡೀಲಿ ಗಾಳಿ ಕೊರೆಯುತ್ತೆ, ಸ್ವೆಟರ್ ಜೊತೆ ಮಫ್ಲರೂ ಬೇಕು.

ಕುಂದಾಪ್ರ_ಹುಡ್ಗ:
ವೈಫೈ ಪಾಸ್‌ವರ್ಡ್ ಊಟದ ಟೆಂಟಲ್ಲೇ ಕೊಡುದಾ?

ಕ್ಯಾಮರಾ_ಕಿಟ್ಟಿ:
ಮಾರಾಯ, ನೀನು ಮನೇಲೇ ಇರು.